ಕರಗಿಸಿಬಿಟ್ಟ ಸಾಕ್ಷಿ

ಅಡುಗೆಮನೆಯಲ್ಲಿ ಬೆಂಕಿ ಹತ್ತಬಲ್ಲ ಗ್ಯಾಸು ಸೋರಿದೆ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತವನು ನಾನು. ಒಲೆಯ ಗ್ಯಾಸಲ್ಲ, ಫ್ರಿಜ್ಜಿನದು. ಪೈಪಿಗೆ ತೂತು ಹಾಕಿದ್ದೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸಲೀಸು.

ನಮ್ಮ ಮನೆ ಬೈಕುಲ್ಲಾ ಸ್ಟೇಷನ್ನಿನ ಪೂರ್ವಕ್ಕೆ, ಘೋಡಪ್‌ದೇವ್ ಕಡೆ ಹೋಗುವ ದಾರಿಯಲ್ಲಿ, ಒಂದು ಹಳೇ ಸೆಸ್ ಕಟ್ಟಡದ ಎರಡನೇ ಮಾಳಿಗೆಯಲ್ಲಿದೆ. ಸೆಸ್ ಕಟ್ಟಡ ಎಂದರೇನೆಂದು ಮುಂಬಯಿಯವರಿಗೆ ವಿವರಿಸಬೇಕಿಲ್ಲ. ಊರಿನವರಿಗಾಗಿ ಹೇಳುವುದಾದರೆ, ರಿಪೇರಿ ಕರ ಕಟ್ಟಿಸಿಕೊಂಡು ಮ್ಹಾಡಾದ ಮಂಡಳಿ ಹೇಗೋ ನಿಲ್ಲಿಸಿಟ್ಟಿರುವ ಹಳೇ ಬಾಡಿಗೆ ಮನೆಗಳು. ಮರದ ತೊಲೆ, ಮುಂದೆ ಉದ್ದಕ್ಕೂ ಗ್ಯಾಲರಿ, ಅಲ್ಲಲ್ಲಿ ಆಮೇಲೆ ಸೇರಿಸಿದ ಕಬ್ಬಿಣದ ಗರ್ಡರು. ನೆಲ ಗ್ಯಾಲರಿಯ ಕಡೆಗೆ ತುಸು ವಾಲಿದೆ. ಇಲ್ಲೇ ಹುಟ್ಟಿದ ನನ್ನ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಉಡುಪಿ ಕಡೆಯಿಂದ ಅತ್ತೆ ಬಂದಾಗಲೆಲ್ಲ, "ನಿಮ್ಮ ಮನೆಯಲ್ಲಿ ಒಳಗಿನಿಂದ ಹೊರಗೆ ಬರುವಾಗ ಯಾರೋ ದೂಡಿದ ಹಾಗೆ ಆಗ್ತದೆ ಮಾರಾಯ್ರೆ" ಎನ್ನುತ್ತಾರೆ. ನಾವು ನಗುತ್ತೇವೆ. ನಗುವ ವಿಷಯ ಆಗಿರಲಿಲ್ಲ ಎಂದು ತಿಳಿದದ್ದು ಬಹಳ ತಡವಾಗಿ.

ಕೆಳಗಡೆ ಫ್ರೀಜರ್ ಇರುವ ಫ್ರಿಜ್ಜನ್ನೇ ತರಬೇಕೆಂದು ಹಟ ಹಿಡಿದವಳು ಹೆಂಡತಿ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಹಾಲು, ತರಕಾರಿ, ದೋಸೆಹಿಟ್ಟು, ಕಾಯಿತುರಿ ಅಂತ ದಿನವಿಡೀ ತೆಗೆಯುವುದು ಫ್ರಿಜ್ಜಿನ ಭಾಗವನ್ನು. ಫ್ರೀಜರಿಗೆ ಕೈ ಹಾಕುವುದು ಹೆಚ್ಚೆಂದರೆ ಒಂದೆರಡು ಸಲ. ಸೊಂಟ ನೋಯುವವರು ಯಾವುದಕ್ಕೆ ಬಗ್ಗಬೇಕು? ಅದೂ ಅಲ್ಲದೆ ಕೆಳಗಿನ ಫ್ರೀಜರಿನಲ್ಲಿ ಎಳೆಯುವ ಡ್ರಾಯರುಗಳಿರುತ್ತವೆ, ಮೀನು ಒಂದರಲ್ಲಿ, ಬಟಾಣಿ ಒಂದರಲ್ಲಿ. ಮೀನಿನ ಮನೆಗೆ ಇದು ಸಣ್ಣ ಸೌಕರ್ಯವಲ್ಲ. ಜೂನ್ 1ರಿಂದ ಜುಲೈ 31ರ ತನಕ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದಕ್ಕೆ ಮುಂಚೆ, ಮೇ ಕೊನೆಯಲ್ಲಿ, ನಸುಕಿನಲ್ಲೇ ಭಾವೂಚಾ ಧಕ್ಕಾಕ್ಕೆ ಹೋಗಿ ಅಂಜಲು, ಬಂಗುಡೆ ತಂದು, ತುಂಡು ಮಾಡಿ, ಉಪ್ಪು ಅರಶಿನ ಹಚ್ಚಿ ಪ್ಯಾಕೆಟು ಕಟ್ಟಿಡುವುದು ನಮ್ಮಲ್ಲಿ ಉಪ್ಪಿನಕಾಯಿ ಹಾಕುವಷ್ಟೇ ನಿಷ್ಠೆಯ ಕೆಲಸ. ಆ ವರ್ಷ ಅದನ್ನು ಮಾಡಿದವರು ಅತ್ತೆ. ಕೆಳಗಿನ ಡ್ರಾಯರು ಮುಚ್ಚಲಾಗದಷ್ಟು ತುಂಬಿಸಿ, ಮೊಣಕಾಲಿನಿಂದ ಒತ್ತಿ ಮುಚ್ಚಿ, ಊರಿಗೆ ಹೋದರು.

ಮಳೆ ಹಿಡಿಯಿತು. ಮೊಸರು ಒಂದೇ ದಿನದಲ್ಲಿ ಹುಳಿ ಬರತೊಡಗಿತು. ಮೇಲಿನ ತಟ್ಟೆಯಲ್ಲಿಟ್ಟ ಹಾಲು ಒಡೆಯಿತು. ಫ್ರೀಜರಿನಲ್ಲಿ ಮಾತ್ರ ಮೀನು ಕಲ್ಲಿನಂತೆ ಗಟ್ಟಿ. "ಗ್ಯಾಸು ಖಾಲಿಯಾಗಿರ್ಬೇಕು, ತುಂಬಿಸಿ" ಎಂದರು ಪಕ್ಕದ ಖೋಲಿಯವರು. ಫ್ರಿಜ್ಜು ಕೈಕೊಟ್ಟಾಗ ಯಾರ ಬಾಯಲ್ಲಾದರೂ ಮೊದಲು ಬರುವ ಮಾತು ಅದೇ. ಫ್ರಿಜ್ಜಿನ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಎಲ್ಲೂ ತೂತಿಲ್ಲದಿದ್ದರೆ ಫ್ರಿಜ್ಜಿನ ಆಯುಷ್ಯ ಪೂರ್ತಿ ಅಷ್ಟೇ ಇರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಕೇಡಾಯಿತು.

ಯಾಕೆಂದರೆ ನಾನು ಕಟ್ಟಡದಲ್ಲಿ ಸ್ವಲ್ಪ ಹೆಸರು ಮಾಡಿದವನು. ಸೀಲಿಂಗ್ ಫ್ಯಾನ್ ನಿಧಾನವಾದರೆ ಕೆಪಾಸಿಟರ್ ಬದಲಿಸಿ ಕೊಡುತ್ತಿದ್ದೆ, ಮಿಕ್ಸರಿನ ಕಾರ್ಬನ್ ಬ್ರಷ್ ಹಾಕುತ್ತಿದ್ದೆ, ನಳ್ಳಿಯ ವಾಷರ್ ಸರಿಪಡಿಸುತ್ತಿದ್ದೆ. ಆಫೀಸಿನಲ್ಲಿ ಕಾಗದ ನೋಡುವ ಗುಮಾಸ್ತನಿಗೆ ಮನೆಯಲ್ಲಿ ಎಂಜಿನಿಯರ್ ಎನಿಸಿಕೊಳ್ಳುವ ಸುಖ ಹೇಳಿ ತೀರದು. ಫ್ರಿಜ್ಜಿನ ಬಗ್ಗೆ ರಾತ್ರಿ ಕೂತು ಓದಿಕೊಂಡೆ, ಮತ್ತು ಓದಿದ್ದು ಚೆನ್ನಾಗಿಯೇ ಅರ್ಥವಾಯಿತು.

ಈ ಬಗೆಯ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರಿನ ಹಿಂಬದಿಯ ಪ್ಲಾಸ್ಟಿಕ್ ಹಲಗೆಯ ಹಿಂದೆ. ಅಲ್ಲಿ ತೆಳ್ಳಗಿನ ರೆಕ್ಕೆಗಳಿರುವ ಅಲ್ಯೂಮಿನಿಯಂ ಕಾಯಿಲ್ ಇದೆ, ಅದರ ಮೇಲೊಂದು ಸಣ್ಣ ಫ್ಯಾನು. ತಂಪು ಗಾಳಿ ಭಾರ, ತಾನಾಗಿ ಮೇಲೆ ಏರುವುದಿಲ್ಲ. ಫ್ರೀಜರ್ ಮೇಲಿದ್ದರೆ ಅದು ಸ್ವಲ್ಪವಾದರೂ ಕೆಳಗಿಳಿಯುತ್ತದೆ. ಕೆಳಗಿದ್ದರೆ ಫ್ಯಾನೇ ಅದನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳಬೇಕು. ಕಾಯಿಲಿನ ಮೇಲೆ ಗಾಳಿಯ ಪಸೆ ಹಿಮವಾಗಿ ಕೂರುತ್ತಲೇ ಇರುತ್ತದೆ. ಕಂಪ್ರೆಸರ್ ಎಂಟು ಹತ್ತು ಗಂಟೆ ಓಡಿದ ಮೇಲೆ ಒಮ್ಮೆ ಅದು ನಿಂತು, ಕಾಯಿಲಿನ ಕೆಳಗಿನ ಹೀಟರ್ ಹತ್ತಿಕೊಂಡು ಹಿಮವನ್ನು ಕರಗಿಸುತ್ತದೆ. ನೀರು ಸಣ್ಣ ತೂತಿನಿಂದ ಹಿಂದಿನ ತಟ್ಟೆಗೆ ಇಳಿದು ಕಂಪ್ರೆಸರಿನ ಬಿಸಿಗೆ ಆರಿಹೋಗುತ್ತದೆ. ಮಳೆಗಾಲದಲ್ಲಿ ಮಹಾನಗರ ಪಾಲಿಕೆಯವರು ಸೊಳ್ಳೆಮರಿ ಹುಡುಕಿಕೊಂಡು ಬಂದಾಗ ಬಗ್ಗಿ ನೋಡುವುದು ಇದೇ ತಟ್ಟೆಯನ್ನು. ಈ ಏರ್ಪಾಡಿನಲ್ಲಿ ಎಲ್ಲಾದರೂ ತಪ್ಪಿದರೆ ಕಾಯಿಲ್ ಹಿಮದಲ್ಲಿ ಹೂತುಹೋಗುತ್ತದೆ, ಗಾಳಿಗೆ ದಾರಿ ಇರುವುದಿಲ್ಲ. ಕೆಳಗೆ ಮೀನು ಗಟ್ಟಿ, ಮೇಲೆ ಹಾಲು ಹಾಳು. ನಮ್ಮ ಮನೆಯ ಕಥೆಯೇ.

ಸ್ವಿಚ್ಚು ತೆಗೆದು, ಡ್ರಾಯರು ಎಳೆದಿಟ್ಟು, ಹಲಗೆ ಬಿಚ್ಚಿದೆ. ಒಳಗೆಲ್ಲ ಬಿಳಿ. ಎಷ್ಟು ಖುಷಿಯಾಯಿತೆಂದರೆ ಹೆಂಡತಿಯನ್ನು ಕರೆದು ತೋರಿಸಿದೆ. "ನೋಡು, ಗ್ಯಾಸಂತೆ ಗ್ಯಾಸು!" ಅವಳು ಬಗ್ಗಿ ನೋಡಿ, "ಬಲಗಡೆಯೇ ಯಾಕೆ ಇಷ್ಟುಂಟು?" ಎಂದಳು. ನಾನು ಅಷ್ಟು ಹೊತ್ತಿಗೆ ಬಿಸಿನೀರಿನ ಪಾತ್ರೆ ತರಲು ಎದ್ದಾಗಿತ್ತು.

ಆ ಒಂದು ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಬಿಸಿನೀರಿನ ಹಬೆ, ಮಗಳ ಹೇರ್ ಡ್ರೈಯರು, ಹಳೇ ಪಂಚೆ. ಎಲ್ಲ ಕರಗಿ ಕಾಯಿಲ್ ಹೊಳೆಯಿತು. ಫ್ರಿಜ್ಜು ಹೊಸದರಂತೆ ತಣ್ಣಗಾಯಿತು. ಪಕ್ಕದವರಿಗೆ ಸುದ್ದಿ ಹೋಯಿತು. ಒಂದು ವಾರ ಕಳೆದಿರಬೇಕು, ಮತ್ತೆ ಮೊಸರು ಹುಳಿ. ಮತ್ತೆ ಬಿಚ್ಚಿದೆ, ಮತ್ತೆ ಕರಗಿಸಿದೆ. ಈ ಸಲ ಕಾರಣವನ್ನೇ ಹಿಡಿಯುತ್ತೇನೆಂದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಒಳ್ಳೇ ಮಲ್ಟಿಮೀಟರ್ ತಂದೆ. ಹೀಟರಿಗೆ ಕಡ್ಡಿ ಹಿಡಿದರೆ ಓಮ್ ಲೆಕ್ಕ ತೋರಿಸಿತು, ಸರಿ ಇದೆ. ಕಾಯಿಲಿಗೆ ಕ್ಲಿಪ್ ಹಾಕಿರುವ ಪುಟ್ಟ ಗುಂಡಗಿನ ಥರ್ಮೋಸ್ಟಾಟಿಗೆ ಹಿಡಿದರೆ ಬೀಪ್ ಸದ್ದೇ ಇಲ್ಲ. ಸಿಕ್ಕಿತು ಕಳ್ಳ! ಅದನ್ನು ಕತ್ತರಿಸಿ ತೆಗೆದು ಹೊಸದನ್ನು ತಂದು ಜೋಡಿಸಿದೆ. ಹೊಸದನ್ನು ಹಾಕುವ ಮೊದಲು ಅದಕ್ಕೂ ಕಡ್ಡಿ ಹಿಡಿದು ನೋಡುವ ಬುದ್ಧಿ ಬರಲಿಲ್ಲ. ನೋಡಿದ್ದರೆ ಅದೂ ಬೀಪ್ ಎನ್ನುತ್ತಿರಲಿಲ್ಲ. ಆ ಥರ್ಮೋಸ್ಟಾಟಿನ ಕೆಲಸವೇ ಹಾಗೆ: ಕಾಯಿಲ್ ಸೊನ್ನೆಗಿಂತ ಚೆನ್ನಾಗಿ ಕೆಳಗಿಳಿದಾಗ ಮಾತ್ರ ಅದು ಸರ್ಕೀಟನ್ನು ಕೂಡಿಸುತ್ತದೆ, ಹಿಮ ಕರಗಿ ಬೆಚ್ಚಗಾದ ಕೂಡಲೇ ಬಿಡಿಸಿ ಹೀಟರನ್ನು ಆರಿಸುತ್ತದೆ. ಜೂನ್ ತಿಂಗಳ ಮುಂಬಯಿಯ ಸೆಕೆಯಲ್ಲಿ ಅದನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದರೆ ಆರೋಗ್ಯವಂತ ಥರ್ಮೋಸ್ಟಾಟೂ ಸತ್ತಂತೆಯೇ ಕಾಣುತ್ತದೆ.

ಮೂರನೆಯ ಬಾರಿಗೆ ಹಿಮ ತುಂಬಿದಾಗ ನನ್ನ ತಾಳ್ಮೆ ಮುಗಿದಿತ್ತು. ರಾತ್ರಿ ಹತ್ತರ ಮೇಲಾಗಿದೆ, ಮರುದಿನ ಆಫೀಸು, ಮೀನೆಲ್ಲ ಬಕೆಟಿನಲ್ಲಿ. ಬಿಸಿನೀರು ತಣಿದಿದೆ. ಕಾಯಿಲಿನ ಕೆಳಮೂಲೆಯಲ್ಲಿ ಒಂದು ಗಟ್ಟಿ ಹಲ್ಲೆ ಮಾತ್ರ ಹೋಗುತ್ತಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಅದರ ಅಂಚಿಗೆ ಇಟ್ಟು ಅಂಗೈಯಿಂದ ಒಮ್ಮೆ ತಟ್ಟಿದೆ. ಹಲ್ಲೆ ಬಿರುಕು ಬಿಟ್ಟಿತು. ಇನ್ನೊಮ್ಮೆ ತಟ್ಟಿದೆ. ತುದಿ ಜಾರಿ ಮೆತ್ತಗಿನ ಏನಕ್ಕೋ ಇಳಿದ ಹಾಗೆ ಕೈಗೆ ಗೊತ್ತಾಯಿತು, ಕಿವಿಗೆ ಆಮೇಲೆ. ಕುಕ್ಕರಿನ ಸೀಟಿ ಏಳುವ ಮುಂಚಿನ ಸದ್ದು, ಅದಕ್ಕಿಂತ ಸಣ್ಣಗೆ. ತೂತಿನ ಬಾಯಲ್ಲಿ ಎಣ್ಣೆಯ ಒಂದು ಹನಿ ಗುಳ್ಳೆಯಾಗಿ ಒಡೆಯುತ್ತಿತ್ತು. ಬೆರಳಿಟ್ಟು ಮುಚ್ಚಿದೆ. ಎಷ್ಟು ಹೊತ್ತು ಬೆರಳಿಟ್ಟುಕೊಂಡು ಕೂರುವುದು? ತೆಗೆದೆ. ಸದ್ದು ಸಣ್ಣಗಾಗುತ್ತ ಹೋಗಿ ನಿಂತಿತು.

"ಆಯ್ತಾ?" ಎಂದಳು ಒಳಗಿನಿಂದ.

"ಆಯ್ತು" ಎಂದೆ.

ಹಲಗೆ ಮುಚ್ಚಿದೆ, ಡ್ರಾಯರು ತಳ್ಳಿದೆ, ಸ್ವಿಚ್ಚು ಹಾಕಿದೆ. ಸ್ವಿಚ್ಚು ಹಾಕಿದ್ದು ಎರಡು ಕಾರಣಕ್ಕೆ ಮೂರ್ಖತನ. ಒಂದನ್ನು ಆಮೇಲೆ ಹೇಳುತ್ತೇನೆ. ಇನ್ನೊಂದು, ಇಂದಿನ ಫ್ರಿಜ್ಜುಗಳಲ್ಲಿರುವುದು ಐಸೋಬ್ಯೂಟೇನ್, ಕಂಪ್ರೆಸರಿನ ಮೇಲೆ ಆರ್600ಎ ಎಂದು ಬರೆದಿರುತ್ತದೆ, ಹಳದಿ ತ್ರಿಕೋನದೊಳಗೆ ಬೆಂಕಿಯ ಚಿತ್ರವಿರುತ್ತದೆ. ಅಡುಗೆ ಗ್ಯಾಸಿನ ಖಾಸಾ ದಾಯಾದಿ. ಅಡುಗೆ ಗ್ಯಾಸಿಗೆ ಬೇಕೆಂದೇ ನಾತದ ಮದ್ದು ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ತಿಳಿಯಲಿ ಎಂದು. ಫ್ರಿಜ್ಜಿನ ಗ್ಯಾಸಿಗೆ ಬೆರೆಸುವುದಿಲ್ಲ. ಸೋರಿದ್ದು ಗೊತ್ತಿದ್ದವನು ಇಡೀ ಮನೆಯಲ್ಲಿ ನಾನೊಬ್ಬನೇ.

ಮಲಗಿ ಲೆಕ್ಕ ಹಾಕಿದೆ, ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು. ಲೇಬಲಿನಲ್ಲಿದ್ದ ತೂಕ ಐವತ್ತು ಗ್ರಾಮಿನ ಆಸುಪಾಸು. ಪಕ್ಕದಲ್ಲೇ ನಿಂತ ಸಿಲಿಂಡರಿನಲ್ಲಿ 14.2 ಕಿಲೋ ಇದೆ, ಇದು ಯಾವ ಲೆಕ್ಕ? ಆದರೆ ಐವತ್ತು ಗ್ರಾಮ್ ಹೊರಬಂದರೆ ಸುಮಾರು ಇಪ್ಪತ್ತು ಲೀಟರ್ ಗ್ಯಾಸಾಗುತ್ತದೆ. ಗಾಳಿಯಲ್ಲಿ ಶೇ. 1.8ರಷ್ಟು ಬೆರೆತರೆ ಅದು ಉರಿಯಬಲ್ಲದು. ಅಂದರೆ ಒಂದು ಘನ ಮೀಟರಿಗಿಂತ ತುಸು ಹೆಚ್ಚು ಗಾಳಿಯನ್ನು ಕೆಡಿಸಲು ಸಾಕು. ಅಡುಗೆಮನೆಗೆಲ್ಲ ಹರಡಿದರೆ ಏನೂ ಆಗದು. ಆದರೆ ಅದು ಗಾಳಿಯ ಎರಡರಷ್ಟು ಭಾರ, ನೆಲದ ಮೂಲೆಯಲ್ಲೇ ಇರಬಯಸುತ್ತದೆ, ಅಥವಾ ಮುಚ್ಚಿದ ಫ್ರೀಜರಿನೊಳಗೆ. ಆ ಫ್ರೀಜರಿನೊಳಗೆ ಒಂದು ಹೀಟರ್ ಇದೆ. ಇಂಥ ಫ್ರಿಜ್ಜಿನ ಹೀಟರು ಸ್ವಿಚ್ಚುಗಳನ್ನು ಗ್ಯಾಸಿಗೆ ಬೆಂಕಿ ಹತ್ತದ ಹಾಗೆ ಮಾಡಿರುತ್ತಾರೆ ಎಂದೂ ಓದಿದ್ದೆ. ಅದನ್ನು ಬಿಚ್ಚಿ, ವೈರು ಕತ್ತರಿಸಿ, ಮತ್ತೆ ಜೋಡಿಸಿ ಟೇಪು ಸುತ್ತಿದವನು ಯಾರು?

ಕಿಟಕಿ ತೆಗೆದೆ, ಅಷ್ಟೇ. ಅವಳನ್ನು ಎಬ್ಬಿಸಲಿಲ್ಲ.

ಮನೆಯೊಳಗಿನ ಈ ಭಯ ಹೊಸದೇನಲ್ಲ. 1920ರ ದಶಕದ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇರುತ್ತಿದ್ದವು. ಬರ್ಲಿನ್ನಿನಲ್ಲಿ ಒಂದು ಕುಟುಂಬ ರಾತ್ರಿ ಮಲಗಿದ್ದಾಗ ಫ್ರಿಜ್ಜು ಸೋರಿ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿಯೇ ಐನ್‌ಸ್ಟೈನ್ ತಮ್ಮ ಗೆಳೆಯ ಲಿಯೋ ಸಿಲಾರ್ಡ್ ಜೊತೆ ಸೇರಿ ಯಂತ್ರಭಾಗ ತಿರುಗದ, ಸೋರದ ಫ್ರಿಜ್ಜು ಮಾಡಲು ಹೊರಟದ್ದು. 1930ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟೂ ಸಿಕ್ಕಿತು. ಅಷ್ಟರಲ್ಲಿ ಫ್ರಿಯಾನ್ ಬಂತು, ಉರಿಯದ, ವಿಷವಲ್ಲದ ಗ್ಯಾಸು, ಎಲ್ಲರೂ ನಿಟ್ಟುಸಿರು ಬಿಟ್ಟರು. ಗೋದ್ರೆಜ್‌ನವರು 1958ರಲ್ಲಿ ಭಾರತದಲ್ಲೇ ಫ್ರಿಜ್ಜು ಮಾಡತೊಡಗಿದ ಕಾಲಕ್ಕೆಲ್ಲ ಅದರದೇ ರಾಜ್ಯ. ಅದು ಓಝೋನ್ ಪದರವನ್ನು ತಿನ್ನುತ್ತದೆಂದು 1974ರಲ್ಲಿ ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದವಾಗಿ, ಬದಲಿಗೆ ಬಂದ ಗ್ಯಾಸು ಭೂಮಿಯನ್ನು ಬಿಸಿ ಮಾಡುತ್ತದೆಂದಾಗಿ, ಕೊನೆಗೆ ಮತ್ತೆ ಉರಿಯುವ ಗ್ಯಾಸಿಗೇ ಬಂದಿದ್ದೇವೆ. ಆಕಾಶಕ್ಕೆ ಒಳ್ಳೆಯದು. ಪ್ರಮಾಣ ಕಡಿಮೆ ಇಟ್ಟಿದ್ದಾರೆ, ಪೈಪು ಮುಚ್ಚಿಟ್ಟಿದ್ದಾರೆ, ನನ್ನಂಥವನು ಸ್ಕ್ರೂಡ್ರೈವರ್ ಹಿಡಿದು ಬರದಿದ್ದರೆ ಅಪಾಯವಿಲ್ಲ.

ಬೆಳಿಗ್ಗೆ ಕಂಪ್ರೆಸರ್ ಓಡುತ್ತಲೇ ಇತ್ತು, ಫ್ರೀಜರ್ ಬೆವರುತ್ತಿತ್ತು. "ಈಗ ನಿಜವಾಗಿ ಗ್ಯಾಸು ಹೋಗಿದೆ ಅನಿಸ್ತದೆ, ಹಳೇದಾದ ಮೇಲೆ ಹಾಗೆ ಆಗ್ತದೆ" ಎಂದೆ. ಮೊದಲ ಸಲ ನಾನೇ ನಕ್ಕ ಮಾತು. ಅವಳು ಏನೂ ಹೇಳದೆ ಮೀನಿನ ಪ್ಯಾಕೆಟುಗಳನ್ನು ಎತ್ತಿಕೊಂಡು ಗ್ಯಾಲರಿಯ ಮನೆಮನೆಗೆ ಹಂಚಲು ಹೋದಳು. ಅರ್ಧಕ್ಕರ್ಧ ಆಗಲೇ ಮೆತ್ತಗಾಗಿತ್ತು, ಅದನ್ನು ಬೆಕ್ಕುಗಳೂ ಮೂಸಿ ನೋಡಿ ಬಿಟ್ಟವು. ಆಮೇಲೂ ಕೆಲವು ದಿನ ನಾನು ಬಾಯಿ ಬಿಡಲಿಲ್ಲ.

ಮದನ್‌ಪುರಾದಿಂದ ಬಂದ ಮೆಕ್ಯಾನಿಕ್ಕನ್ನು ಎಲ್ಲರೂ ಚಾಚಾ ಎನ್ನುತ್ತಾರೆ, ನಾವೂ ಹಾಗೇ ಎಂದೆವು. ಬಿಳಿಗಡ್ಡ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಬಂದವರು ಫ್ರಿಜ್ಜನ್ನು ಮುಟ್ಟಲಿಲ್ಲ. ಗ್ಯಾಲರಿಯ ಬಾಗಿಲಲ್ಲಿ ನಿಂತು ಅದನ್ನೇ ನೋಡಿದರು. ಆಮೇಲೆ ಕೇಳಿದ ಮೊದಲ ಮಾತು, "ಬರಫ್ ಕೈಸಾ ಥಾ?"

ಹಿಮ ಹೇಗಿತ್ತು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಿಮ ಹಿಮದ ಹಾಗಿತ್ತು, ಕರಗಿಸಿದೆ ಎಂದೆ. ಚಾಚಾ ತಾಳ್ಮೆಯಿಂದ ಬಿಡಿಸಿ ಹೇಳಿದರು. ಕಾಯಿಲಿನ ತುಂಬ ಒಂದೇ ಸಮ ದಪ್ಪಗೆ ಕೂತಿದ್ದರೆ ಹೀಟರಿನ ಕಡೆಯ ದೋಷ. ಮೊದಲ ಒಂದೆರಡು ಸುತ್ತಿಗೆ ಮಾತ್ರ ಹಿಮ ಹಿಡಿದು ಉಳಿದದ್ದು ಬೋಳಾಗಿದ್ದರೆ ಗ್ಯಾಸು ಕಡಿಮೆ. ಫ್ರೀಜರಿನ ತಳದಲ್ಲಿ ಸ್ವಚ್ಛ ಗಾಜಿನ ಹಾಳೆಯಂತೆ ನಿಂತಿದ್ದರೆ ನೀರಿಳಿಯುವ ತೂತು ಕಟ್ಟಿದೆ. ಪುಡಿಪುಡಿಯಾಗಿ ಒಂದು ಬದಿಗೇ ಹೆಚ್ಚು ಕೂತು, ಪ್ಯಾಕೆಟುಗಳ ಮೇಲೂ ಬಾಗಿಲಂಚಿಗೂ ಉದುರಿದ್ದರೆ ಹೊರಗಿನ ಗಾಳಿ ನುಗ್ಗುತ್ತಿದೆ. ಡಾಕ್ಟರಿಗೆ ನಾಲಗೆ ತೋರಿಸುವ ಮುಂಚೆ ಉಜ್ಜಿಕೊಂಡು ಬಂದವರ ಹಾಗೆ ನಾನು ಪ್ರತಿ ಸಲವೂ ಸಾಕ್ಷಿಯನ್ನು ಕರಗಿಸಿ, ಒರೆಸಿ, ಆಮೇಲೆ ಮೀಟರ್ ಹಿಡಿದು ಕೂತಿದ್ದೆ.

"ಪುಡಿ ಪುಡಿ. ಬಲಗಡೆ. ಮೀನಿನ ಪ್ಯಾಕೆಟಿನ ಮೇಲೂ ಇತ್ತು" ಎಂದಳು ಹೆಂಡತಿ, ತನ್ನ ಬೈಕುಲ್ಲಾ ಹಿಂದಿಯಲ್ಲಿ. ಅವಳು ಪ್ರತಿ ಸಲವೂ ನೋಡಿದ್ದಳು.

ಚಾಚಾ ಒಂದು ಹತ್ತು ರೂಪಾಯಿ ನೋಟನ್ನು ಫ್ರೀಜರಿನ ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದರು. ಎಡಗಡೆ ಬಿಗಿಯಾಗಿ ಬಂತು. ಮೇಲೆ ಬಿಗಿಯಾಗಿ ಬಂತು. ಬಲಗಡೆಯ ಕೆಳಮೂಲೆಯಲ್ಲಿ ಎಳೆಯುವುದೇ ಬೇಕಿರಲಿಲ್ಲ, ನೋಟು ಜಾರಿ ಕೆಳಗೆ ಬಿತ್ತು. ಒಂದು ಸ್ಟೀಲ್ ತಟ್ಟೆಯಲ್ಲಿ ನೀರು ತರಿಸಿ ಫ್ರಿಜ್ಜಿನ ತಲೆಯ ಮೇಲಿಟ್ಟರು. ನೀರು ಮುಂದಕ್ಕೂ ಬಲಕ್ಕೂ ಸರಿದು ನಿಂತಿತು. ಅತ್ತೆಯ ಇಳಿಜಾರು! ಫ್ರಿಜ್ಜು ಯಾವಾಗಲೂ ಕೂದಲೆಳೆಯಷ್ಟು ಹಿಂದಕ್ಕೆ ವಾಲಿರಬೇಕು, ಬಾಗಿಲು ಕೈಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವ ಹಾಗೆ. ನಮ್ಮದು ಮುಂದಕ್ಕೆ ವಾಲಿತ್ತು. ಜೊತೆಗೆ ಕಿಕ್ಕಿರಿದ ಮೀನಿನ ಡ್ರಾಯರು ಒಳಗಿನಿಂದ ಬಾಗಿಲನ್ನು ತಳ್ಳುತ್ತಿತ್ತು. ಸಿಕ್ಕಿದ ಸಂದಿಯಲ್ಲಿ ಮಳೆಗಾಲದ ಗಾಳಿ ಹಗಲೂ ರಾತ್ರಿ ಒಳಗೆ. ಹೀಟರಿಗೆ ಕರಗಿಸಿ ಪೂರೈಸಲು ಆಗಲಿಲ್ಲ, ಅಷ್ಟೇ. ಮುಂದಿನ ಕಾಲಿನ ಸ್ಕ್ರೂ ನಾಲ್ಕು ಸುತ್ತು ತಿರುಗಿಸಿ, ಬಾಗಿಲಿನ ರಬ್ಬರನ್ನು ಸಾಬೂನು ನೀರಲ್ಲಿ ಒರೆಸಿ, ಎರಡು ಕಿಲೋ ಮೀನು ಕಡಿಮೆ ಇಟ್ಟಿದ್ದರೆ ಮುಗಿಯುತ್ತಿತ್ತು.

ನಾನು ಕತ್ತರಿಸಿ ತೆಗೆದ ಹಳೇ ಥರ್ಮೋಸ್ಟಾಟನ್ನೂ ಕೇಳಿದರು. ಜೊತೆಗೆ ಬಂದಿದ್ದ ಹುಡುಗನನ್ನು ಕೆಳಗಿನ ಜ್ಯೂಸ್ ಅಂಗಡಿಗೆ ಕಳಿಸಿ ಒಂದಿಷ್ಟು ಐಸು ತರಿಸಿದರು. ಚೊಂಬಿಗೆ ಹಾಕಿ ಕುಟ್ಟಿ, ಮೇಲೆ ಎರಡು ಹಿಡಿ ಕಲ್ಲುಪ್ಪು. ಚೊಂಬಿನ ಹೊರಮೈಗೆ ಬಿಳಿ ಹಿಡಿಯಿತು. (ಬೈಕುಲ್ಲಾದಲ್ಲಿ ಐಸಿನ ಮಾತು ಬಂದರೆ ಜಮ್ಷೇಟ್‌ಜಿ ಜೀಜೀಭಾಯ್ ನೆನಪಾಗಲೇಬೇಕು. ಜೆ.ಜೆ. ಆಸ್ಪತ್ರೆಗೆ ಅವರದೇ ಹೆಸರು. 1834ರಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದ ಐಸಿನಿಂದ ಅವರು ಔತಣದಲ್ಲಿ ಐಸ್‌ಕ್ರೀಮ್ ಬಡಿಸಿ, ಅತಿಥಿಗಳಿಗೂ ಅವರಿಗೂ ನೆಗಡಿಯಾದದ್ದು ಆಗಿನ ಪತ್ರಿಕೆಯಲ್ಲಿ ಸುದ್ದಿಯಾಗಿತ್ತು.) ಥರ್ಮೋಸ್ಟಾಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸಿನೊಳಗೆ ಹೂತು, ವೈರಿನ ತುದಿಗೆ ನನ್ನದೇ ಮಲ್ಟಿಮೀಟರಿನ ಕಡ್ಡಿ ಹಿಡಿದು ಕಾದರು. ಸ್ವಲ್ಪ ಹೊತ್ತಿಗೆ ಟಕ್ ಎಂದಿತು. ಬೀಪ್ ಬಂತು. ನಿಲ್ಲಲೇ ಇಲ್ಲ.

ಆಮೇಲೆ ಹಲಗೆ ಬಿಚ್ಚಿದರು. ಟಾರ್ಚು ಕೆಳಮೂಲೆಗೆ ಹೋಗಿ ನಿಂತಿತು. ಅಲ್ಯೂಮಿನಿಯಂ ಪೈಪಿನ ಮೇಲೆ ಸ್ಕ್ರೂಡ್ರೈವರಿನ ತುದಿಯಷ್ಟೇ ಅಗಲದ ಗೀರು, ಸುತ್ತ ಎಣ್ಣೆಯ ಜಿಡ್ಡು. ಅದನ್ನು ನೋಡಲು ಮೆಕ್ಯಾನಿಕ್ ಆಗಬೇಕಿರಲಿಲ್ಲ. ಚಾಚಾ ನನ್ನ ಮುಖ ನೋಡಿ, ಟಾರ್ಚು ಆರಿಸಿ, ಚಾ ಸಿಗಬಹುದೇ ಎಂದು ಕೇಳಿದರು. ನನಗೆ ಒಂದು ದಾರಿ ಬಿಟ್ಟುಕೊಟ್ಟರು ಎಂದೇ ನಾನು ತಿಳಿದಿದ್ದೇನೆ.

ಹೆಂಡತಿ ಚಾ ತಂದಾಗ ಹೇಳಿದೆ. ತೂತಾದದ್ದು ಆ ರಾತ್ರಿ, ಗ್ಯಾಸು ಉರಿಯುವಂಥದ್ದು, ನನಗೆ ಗೊತ್ತಿತ್ತು.

"ಯಾವ ರಾತ್ರಿ?"

ಹೇಳಿದೆ. ಅವಳು ಫ್ರಿಜ್ಜಿನ ಪಕ್ಕದ ದೇವರ ಗೂಡನ್ನು ನೋಡಿದಳು. "ಮರುದಿನ ಬೆಳಿಗ್ಗೆ ಐದೂವರೆಗೆ ನಾನೇ ದೀಪ ಹಚ್ಚಿದ್ದು. ನೀವು ಮಲಗಿದ್ದಲ್ಲಿಂದಲೇ ನೋಡ್ತಾ ಇದ್ರಿ."

ನೋಡುತ್ತಿದ್ದೆ. ಬೇಡವೆನ್ನಲು ಬಾಯಿ ಬಂದಿರಲಿಲ್ಲ. ಬೇಡ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಫ್ರಿಜ್ಜು ಹಾಳಾದದ್ದಕ್ಕೆ ಅವಳು ಒಂದು ಮಾತೂ ಆಡಲಿಲ್ಲ, ಮೀನಿಗೂ ಇಲ್ಲ. ಈ ಒಂದಕ್ಕೆ ಮಾತ್ರ ಬಹಳ ದಿನ ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಈಗಲೂ ಅಡುಗೆಮನೆಯಲ್ಲಿ ನಾನು ಏನಾದರೂ ಬಿಚ್ಚಿದರೆ, "ದೀಪ ಹಚ್ಚಬಹುದಾ?" ಎಂದು ಕೇಳಿಯೇ ಹಚ್ಚುತ್ತಾಳೆ. ತಮಾಷೆಯಲ್ಲ, ನಿಜವಾಗಿ ಕೇಳುತ್ತಾಳೆ.

ಸ್ವಿಚ್ಚು ಹಾಕಿದ್ದರ ಇನ್ನೊಂದು ಮೂರ್ಖತನವನ್ನು ಚಾಚಾ ಚಾ ಕುಡಿಯುತ್ತ ವಿವರಿಸಿದರು. ಈ ಗ್ಯಾಸಿನ ಫ್ರಿಜ್ಜು ಓಡುವಾಗ ಕಾಯಿಲಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ನಿಂತಿದ್ದಾಗ ತೂತಿನಿಂದ ಗ್ಯಾಸು ಹೊರಗೆ ಬರುತ್ತದೆ, ಓಡಿದರೆ ಅದೇ ತೂತು ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ನಾನು ರಾತ್ರಿಯಿಡೀ ಅದಕ್ಕೆ ಮಳೆಗಾಲದ ಒದ್ದೆ ಗಾಳಿ ಕುಡಿಸಿದ್ದೆ. ಸ್ವಿಚ್ಚು ಹಾಕದೆ ಬಿಟ್ಟಿದ್ದರೆ ಕಾಯಿಲ್ ಒಂದನ್ನು ಬದಲಿಸಿದರೆ ಆಗುತ್ತಿತ್ತು. ಈಗ ಕಂಪ್ರೆಸರಿನ ಎಣ್ಣೆಗೂ ಪಸೆ ಸೇರಿದೆ. ಎಷ್ಟು ದಿನ ಬಂದರೆ ಅಷ್ಟು ದಿನ ಎಂದರು.

ಕೆಲಸ ಗ್ಯಾಲರಿಯಲ್ಲೇ ನಡೆಯಿತು, ಒಲೆ ಆರಿಸಿ, ಬಾಗಿಲು ಕಿಟಕಿ ತೆರೆದು. ಹೊಸ ಕಾಯಿಲು, ಹೊಸ ಫಿಲ್ಟರ್. ಬೆಂಕಿ ಹಚ್ಚಿ ಬೆಸುಗೆ ಹಾಕಲಿಲ್ಲ, ಉಂಗುರ ಒತ್ತಿ ಕೂರಿಸಿ ಪೈಪು ಕೂಡಿಸಿದರು. ಪಂಪು ಹಚ್ಚಿ ಒಳಗಿನ ಗಾಳಿಯನ್ನೂ ಪಸೆಯನ್ನೂ ಎಳೆಯುವುದಕ್ಕೇ ಅರ್ಧ ದಿನ. ಗ್ಯಾಸನ್ನು ಅಕ್ಕಸಾಲಿಗರ ಹಾಗೆ ಪುಟ್ಟ ತಕ್ಕಡಿಯಲ್ಲಿ ತೂಗಿ ಬಿಟ್ಟರು, ಲೇಬಲಿನಲ್ಲಿದ್ದಷ್ಟೇ. ಅಂದಾಜಿಗೆ ಗ್ಯಾಸು ಬಿಡುವವರನ್ನು ಮನೆಯೊಳಗೆ ಸೇರಿಸಬೇಡಿ ಎಂದರು, ತಮ್ಮ ಕಸುಬಿನವರ ಬಗ್ಗೆಯೇ. ಖರ್ಚು ಹೊಸ ಫ್ರಿಜ್ಜಿನ ಮೂರರಲ್ಲೊಂದು ಪಾಲು. ಮರುವರ್ಷ ಗಣಪತಿ ಹಬ್ಬದ ಹೊತ್ತಿಗೆ ಕಂಪ್ರೆಸರೂ ಹೋಯಿತು, ಆಗ ಇನ್ನೊಂದು ಪಾಲು.

ಈಗ ಫ್ರಿಜ್ಜಿಗೆ ನಾನು ಮಾಡುವುದು ಬಾಗಿಲ ಹೊರಗಿನ ಕೆಲಸ. ತಿಂಗಳಿಗೊಮ್ಮೆ ರಬ್ಬರಿನ ಮಡಿಕೆಗಳನ್ನು ಒರೆಸುತ್ತೇನೆ, ಅಲ್ಲಿ ಸಿಕ್ಕುವ ಕಾಯಿತುರಿ, ಹಿಟ್ಟಿನ ಚೂರು ಸಣ್ಣದಲ್ಲ. ಮಳೆಗಾಲಕ್ಕೆ ಮುಂಚೆ ನೋಟು ಸಿಕ್ಕಿಸಿ ನೋಡುತ್ತೇನೆ, ತಟ್ಟೆಯ ನೀರಿಟ್ಟು ನೋಡುತ್ತೇನೆ, ಏಕೆಂದರೆ ಮನೆ ವಾಲುವುದನ್ನು ನಿಲ್ಲಿಸಿಲ್ಲ. ಹಿಂದಿನ ತಟ್ಟೆ ತೊಳೆಯುತ್ತೇನೆ. ಡ್ರಾಯರಿನಲ್ಲಿ ಬೆರಳಾಡುವಷ್ಟು ಜಾಗ ಬಿಡುತ್ತೇನೆ, ಈ ವಿಷಯದಲ್ಲಿ ಪ್ರತಿ ಮೇ ತಿಂಗಳೂ ಅತ್ತೆಗೂ ನನಗೂ ಜಟಾಪಟಿ. ಹಿಮ ಕಂಡರೆ ಮೊದಲು ಹೆಂಡತಿಯನ್ನು ಕರೆಯುತ್ತೇನೆ.

ಅತ್ತೆಯ ಮಾತು ಬಂದಿತಲ್ಲ, ಅವರಿಗೆ ಆ ವರ್ಷದ ಮೀನಿನ ಬಗ್ಗೆ ನಾವು ಹೇಳಿದ್ದು ಎರಡು ದಿನ ಕರೆಂಟು ಇರಲಿಲ್ಲ ಎಂದು. ಮುಂಬಯಿಯಲ್ಲಿ ಎರಡು ದಿನ ಕರೆಂಟು ಹೋಗುವುದುಂಟೇ ಎಂದು ಆಗಲೇ ಅವರಿಗೆ ಅನುಮಾನ. ಕನ್ನಡ ಪತ್ರಿಕೆ ಕೈಗೆ ಸಿಕ್ಕರೆ ಕನ್ನಡಕ ಏರಿಸಿ ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುವವರು ಅವರು. ಮೇ ತಿಂಗಳಲ್ಲಿ ಬರುತ್ತಾರೆ.